ಟೀಚರ ಕಾರು ಎದ್ದ ಮಳೆಗಾಲ

ಗೇರ್ ಎಣ್ಣೆಯ ವಾಸನೆಯನ್ನು ಯಾರೂ ಇಷ್ಟಪಡುವುದಿಲ್ಲ. ಗಂಧಕದ ಕಮಟು ಅದರಲ್ಲಿ ಸೇರಿರುತ್ತದೆ. ಕೈಗೆ ತಗುಲಿದರೆ ಸೋಪಿಗೂ ಬೇಗ ಬಿಡುವುದಿಲ್ಲ. ಹೋದ ವಾರ ಠಾಣೆಯ ಹತ್ತಿರದ ರಬಾಳೆಯ ನಮ್ಮ ಲ್ಯಾಬಿನಲ್ಲಿ ಪರೀಕ್ಷೆಗೆ ಬಂದಿದ್ದ ಡಬ್ಬವೊಂದರ ಮುಚ್ಚಳ ತೆಗೆದಿಟ್ಟು ಯಾರೋ ಊಟಕ್ಕೆ ಹೋಗಿದ್ದರು. ಕಿಟಕಿಯಾಚೆ ಮಳೆ ಹೊಯ್ಯುತ್ತಿತ್ತು. ಒಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಹಳೆಯ ಶೆಡ್ಡು, ಅದರ ತಗಡಿನ ಮೇಲೆ ಬೀಳುತ್ತಿದ್ದ ನೀರಿನ ಸದ್ದು, ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಸುಮತಿ ಟೀಚರು, ಎಲ್ಲ ಒಟ್ಟಿಗೇ ಕಣ್ಣಿಗೆ ಬಂತು. ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲವನ್ನು ನಾನು ಪೂರ್ತಿಯಾಗಿ ಆ ಶೆಡ್ಡಿನಲ್ಲೇ ಕಳೆದೆ.

ನಾನು ಮೈಸೂರಿನವನು. ಕೆಲಸಕ್ಕೆಂದು ಬಂದು ಐರೋಲಿಯಲ್ಲಿ ನೆಲೆಸಿ ಬಹಳ ವರ್ಷವಾಯಿತು. ನನ್ನ ಕಸುಬು ಏನೆಂದು ಕೇಳಿದವರಿಗೆ ಸ್ವಲ್ಪ ವಿಚಿತ್ರವೆನಿಸುತ್ತದೆ. ಯಂತ್ರಗಳಲ್ಲಿ, ವಾಹನಗಳಲ್ಲಿ ಮುರಿದು ಬಿದ್ದ ಲೋಹದ ತುಂಡುಗಳು ನಮ್ಮಲ್ಲಿಗೆ ಬರುತ್ತವೆ. ಮುರಿದ ಜಾಗವನ್ನು ನೋಡಿ, ಅದು ಒಂದೇ ಏಟಿಗೆ ಮುರಿಯಿತೋ, ತಿಂಗಳುಗಟ್ಟಲೆ ಒಳಗೊಳಗೇ ಸೀಳುತ್ತ ಬಂದು ಒಂದು ದಿನ ಕೈಬಿಟ್ಟಿತೋ ಎಂದು ನಾನು ಹೇಳಬೇಕು.

ಆ ವರ್ಷ ಮೊದಲ ಮಳೆಯಲ್ಲೇ ರಿಕ್ಷಾವೊಂದು ನನ್ನ ಕಾರಿನ ಮಗ್ಗುಲನ್ನು ಉಜ್ಜಿಕೊಂಡು ಹೋಯಿತು. ತಗ್ಗಿದ ತಗಡನ್ನು ಸರಿಮಾಡುವವರನ್ನು ಹುಡುಕುತ್ತ ಬಸವರಾಜನ ಗ್ಯಾರೇಜಿಗೆ ಹೋದೆ. ಅವನು ವಿಜಯಪುರ ಕಡೆಯವನು. ವಾಗ್ಳೆ ಎಸ್ಟೇಟಿನ ಒಳರಸ್ತೆಯೊಂದರಲ್ಲಿ, ಸಾಲು ಸಾಲು ಸಣ್ಣ ಕಾರ್ಖಾನೆಗಳಿರುವ ಹಳೆಯ ಕಟ್ಟಡದಲ್ಲಿ ಅವನದೊಂದು ಗಾಳಾ. ಇಲ್ಲಿ ಅಂಥ ಕಾರ್ಖಾನೆ ಕೋಣೆಗೆ ಗಾಳಾ ಎನ್ನುತ್ತಾರೆ. ಫೋನಿನಲ್ಲಿ ನಾನು ಮನೆಯವಳ ಜೊತೆ ಕನ್ನಡ ಮಾತಾಡಿದ್ದು ಕೇಳಿಸಿಕೊಂಡವನೇ ಅವನು ಸುತ್ತಿಗೆ ಕೆಳಗಿಟ್ಟು ಚಹಾ ತರಿಸಿದ. ನನ್ನ ಕೆಲಸ ತಿಳಿದ ಮೇಲೆ ನಕ್ಕ.

"ಅಂದ್ರ ನೀವು ಲೋಹದ ಡಾಕ್ಟ್ರು ಅನ್ರಿ. ಬರ್ರಿ ಸರ, ನಿಮಗೊಂದು ಪೇಶಂಟ್ ತೋರಸ್ತೀನಿ."

ಪಕ್ಕದ ಗಾಳಾದಲ್ಲಿ ಹಿಂದೆ ಯಂತ್ರದ ಬಿಡಿಭಾಗ ತಯಾರಿಸುತ್ತಿದ್ದರಂತೆ. ಮುಚ್ಚಿ ಎಷ್ಟೋ ಕಾಲವಾಗಿತ್ತು. ಕಟ್ಟಡವನ್ನು ಕೆಡವಿ ಅಲ್ಲಿ ಬಹುಮಹಡಿ ಟವರ್ ಕಟ್ಟುತ್ತಾರೆಂದು, ದೀಪಾವಳಿ ಕಳೆದ ಮೇಲೆ ಎಲ್ಲರೂ ಖಾಲಿ ಮಾಡಬೇಕೆಂದು ಆಗಿತ್ತು. ಒಳಗೆ ಕತ್ತಲು. ಮೂಲೆಯಲ್ಲಿ ಟಾರ್ಪಾಲು ಹೊದ್ದ ಒಂದು ದಿಬ್ಬ. ಬಸವರಾಜ ಅದನ್ನು ಎಳೆದ.

ಎರಡೇ ಬಾಗಿಲಿನ ಕಾರು. ಚಾವಣಿ ಗಾಜಿನಿಂದ ಶುರುವಾಗಿ ಹಿಂಬದಿಯವರೆಗೂ ಒಂದೇ ಇಳಿಜಾರಿನಲ್ಲಿ ಜಾರಿತ್ತು. ಮೂಗು ಉದ್ದ, ನೆಲಕ್ಕೆ ತೀರಾ ಹತ್ತಿರ. ಧೂಳಿನಡಿಯ ಬಣ್ಣ ಕಡುಹಸಿರು. ನಿಂತಲ್ಲೇ ಮುಂದಕ್ಕೆ ನೆಗೆಯಲು ಮೈ ಹುರಿ ಮಾಡಿಕೊಂಡಂತೆ ಕಾಣುವ, ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಓಟಕ್ಕೆಂದೇ ತಯಾರಾದ ಕೂಪೆ ಜಾತಿಯ ಗಾಡಿ. ನಾನು ಅದನ್ನು ಚಿತ್ರಗಳಲ್ಲಷ್ಟೇ ನೋಡಿದ್ದೆ. ಬಲಗಡೆಯಿಂದ ನೋಡಿದರೆ ಗಾಡಿ ಸುಮ್ಮನೆ ಮಲಗಿದಂತಿತ್ತು. ಎಡಗಡೆಗೆ ಬಂದು ಬಗ್ಗಿ ನೋಡಿದೆ. ಮುಂದಿನ ಎಡಚಕ್ರ ಒಳಕ್ಕೆ ಮಡಚಿ ಬಿದ್ದಿತ್ತು. ಬಾಗಿಲು ಸೀಟಿನವರೆಗೂ ಒಳಸೇರಿತ್ತು.

"ಡೊಂಬಿವಿಲಿ ಅಕ್ಕೋರದ್ರಿ ಇದು," ಎಂದ ಬಸವರಾಜ. ಅವನ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ. "ವರ್ಷಕ್ಕೊಮ್ಮಿ ಬರ್ತಾರ. ತಾಡಪತ್ರಿ ಎತ್ತಿ ನೋಡ್ತಾರ, ಏನೂ ಮಾತಾಡಂಗಿಲ್ಲ, ಹೋಗ್ತಾರ. ಈ ಸಲ ಫೋನ್ ಮಾಡೀನಿ. ಖಾಲಿ ಮಾಡಬೇಕಲ್ರಿ, ಏನ್ ಮಾಡೂದು ಅಂತ ಅವ್ರ ಹೇಳಬೇಕು."

ಸುಮತಿ ಟೀಚರು ಭಾನುವಾರ ಬಂದರು. ನಾನೂ ಬೇಕೆಂದೇ ಅವತ್ತು ಹೋಗಿದ್ದೆ. ಎಪ್ಪತ್ತು ದಾಟಿದ ಹೆಂಗಸು, ಸಣ್ಣ ಮೈ, ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಕೈಯಲ್ಲಿ ಗಂಡಸರ ಕೊಡೆ. ಕಾರ್ಕಳದ ಕಡೆಯವರು. ಡೊಂಬಿವಿಲಿಯ ಕನ್ನಡ ಶಾಲೆಯೊಂದರಲ್ಲಿ ಮಕ್ಕಳು ಸಾಕಷ್ಟಿದ್ದ ಕಾಲದಿಂದ ಮಕ್ಕಳೇ ಇಲ್ಲದ ಕಾಲದವರೆಗೂ ಪಾಠ ಹೇಳಿದವರು. ಬಸವರಾಜ ನನ್ನನ್ನು ಪರಿಚಯಿಸಿದ. ಅವರು ಕೈ ಮುಗಿದು, ಕಾರಿನ ಬಲಗಡೆಯ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟರು.

"ಇನ್ನು ಭಂಗಾರಿಗೆ ಕೊಡುದು ಬಿಟ್ರೆ ಬೇರೆ ದಾರಿ ಇಲ್ಲ ಅಲ್ವಾ?" ಎಂದರು. ಭಂಗಾರಿ ಎಂದರೆ ಇಲ್ಲಿ ಗುಜರಿಯವನು. ಮತ್ತೆ ಅವರೇ ಕೇಳಿದರು: "ಕೊಡುವ ಮೊದಲು ಎಂಜಿನ್ನಿನ ಸ್ವರ ಒಮ್ಮೆ ಕೇಳ್ಲಿಕ್ಕೆ ಆಗ್ತದಾ?"

ಆ ಕೆಲಸಕ್ಕೆ ಒಪ್ಪಿಕೊಂಡವನು ನಾನು. ಜೂನ್ ಕಳೆಯಿತು. ಪ್ರತಿ ಭಾನುವಾರ ಐರೋಲಿ ಸೇತುವೆ ದಾಟಿ, ಮೊಣಕಾಲು ಮಟ್ಟದ ನೀರಿನಲ್ಲಿ ನಡೆದು ವಾಗ್ಳೆ ಎಸ್ಟೇಟು ಸೇರುತ್ತಿದ್ದೆ. ಆ ಕಾರಿನ ಮುಂಭಾಗವೆಲ್ಲ ಒಂದೇ ತುಂಡು. ಬಾನೆಟ್ಟು, ಎರಡೂ ಮಡ್‌ಗಾರ್ಡು, ದೀಪ, ಎಲ್ಲ ಸೇರಿ ಮುಂದಕ್ಕೆ ಬಾಯಿ ತೆರೆದಂತೆ ಏಳುತ್ತದೆ. ಹಿಂದೆ ಇಲ್ಲಿನ ಕಾರ್ಮಿಕರು ಇದನ್ನು 'ಮಗರ್', ಅಂದರೆ ಮೊಸಳೆ, ಎಂದು ಕರೆಯುತ್ತಿದ್ದರಂತೆ. ನಾನು ಆ ಬಾಯೊಳಗೆ ತಲೆ ಹಾಕಿ ಕೂತರೆ ಟೀಚರು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ಕೆಲಸ ನಡೆಯುತ್ತ ಮಾತು ಬರುತ್ತಿತ್ತು.

ಠಾಣೆಯ ಒಂದು ಕಾರ್ಖಾನೆಯ ಇಂಗ್ಲಿಷ್ ಮ್ಯಾನೇಜರೊಬ್ಬ ಹಡಗಿನಲ್ಲಿ ತರಿಸಿದ ಕಾರು ಅದು. ಟೀಚರ ಗಂಡ ಭಾಸ್ಕರ ಅದೇ ಕಾರ್ಖಾನೆಯಲ್ಲಿ ಎಂಜಿನಿಯರು. ಸಾಹೇಬ ಊರಿಗೆ ಮರಳುವಾಗ, ತನ್ನ ಕಾರನ್ನು ಪ್ರೀತಿಯಿಂದ ನೋಡಿಕೊಂಡ ಹುಡುಗನಿಗೇ ಅದನ್ನು ಬಿಟ್ಟುಹೋದ. ಆಗ ಇವರ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ.

"ಅವರಿಗೆ ರಿಪೇರಿಯ ಮರ್ಲು, ನನಗೆ ಗಾಡಿ ಬಿಡುವ ಮರ್ಲು," ಎಂದು ಟೀಚರು ಒಮ್ಮೆ ನಕ್ಕರು. ಅವರ ಕಡೆ ಮರ್ಲು ಎಂದರೆ ಹುಚ್ಚು, ಮಾಣಿ ಎಂದರೆ ಗಂಡುಮಗು. "ಮಾಣಿಗೆ ಆರು ತಿಂಗಳು ಇರುವಾಗ್ಲೂ ಅತ್ತೆಯ ಹತ್ರ ಬಿಟ್ಟು ಕಾರಿನ ರ‍್ಯಾಲಿಗೆ ಹೋದವಳು ನಾನು. ನಾನು ಬಿಡುದು, ಅವರು ಪಕ್ಕದಲ್ಲಿ ಕೂತು ದಾರಿ ಹೇಳುದು. ಬಹುಮಾನ ಕೊಡುವಾಗ ಎಲ್ಲರೂ ಅವರ ಕೈಗೇ ಕಪ್ಪು ಕೊಡ್ಲಿಕ್ಕೆ ಹೋಗುದು. 'ಇವಳು ಡ್ರೈವರ್' ಅಂತ ಅವರು ನನ್ನನ್ನು ಮುಂದೆ ದೂಡುದು."

ಅಪಘಾತದ ವಿಷಯ ಅವರಾಗಿ ಹೇಳಲಿಲ್ಲ. ಬಸವರಾಜನಿಂದ, ಆಮೇಲೆ ಡೊಂಬಿವಿಲಿಯ ಪರಿಚಿತರಿಂದ ತಿಳಿಯಿತು. ಮಗ ಇನ್ನೂ ತೀರ ಚಿಕ್ಕವನಿದ್ದಾಗ, ಕಲ್ಯಾಣದಿಂದ ಮುರಬಾಡ ದಾಟಿ ಹೋದರೆ ಸಿಗುವ ಮಾಳಶೇಜ್ ಘಟ್ಟದಲ್ಲಿ, ರ‍್ಯಾಲಿ ಮುಗಿಸಿ ಇಳಿದು ಬರುವಾಗ, ಮಂಜಿನಲ್ಲಿ ಕಾರು ಎಡಕ್ಕೆ ಎಳೆದು ರಸ್ತೆ ಬದಿಯ ಕಲ್ಲುಕಟ್ಟೆಗೆ ಬಡಿಯಿತು. ಎಡಗಡೆ ಕೂತ ಭಾಸ್ಕರ ಉಳಿಯಲಿಲ್ಲ. ಇವರಿಗೆ ಮೈ ತರಚಿದ್ದಷ್ಟೇ. ಓಡಿಸುತ್ತಿದ್ದವಳು ಹೆಂಡತಿ ಎಂದ ಮೇಲೆ ಊರಿನ ಬಾಯಿಗೆ ಹೆಚ್ಚೇನೂ ಬೇಕಾಗಲಿಲ್ಲ. ಗಾಡಿಯ ಹುಚ್ಚಿಗೆ ಗಂಡನನ್ನು ಬಲಿಕೊಟ್ಟವಳು ಎಂದರು. ಅತ್ತೆಯೂ ಹಾಗೇ ಹೇಳಿದರು. ಒಂದೇ ಮನೆಯಲ್ಲಿ, ಇವರ ಕೈಯ ಅನ್ನವನ್ನೇ ಉಂಡುಕೊಂಡು, ಸಾಯುವವರೆಗೂ ಹೇಳಿದರು. ಟೀಚರು ಮತ್ತೆಂದೂ ಸ್ಟೀರಿಂಗ್ ಹಿಡಿಯಲಿಲ್ಲ. ಭಾಸ್ಕರನ ಗೆಳೆಯನೊಬ್ಬ ಕಾರನ್ನು ಎಳೆದು ತಂದು ತನ್ನ ಗಾಳಾದ ಮೂಲೆಯಲ್ಲಿ ಇಟ್ಟುಕೊಂಡಿದ್ದ. ಅದು ಅಲ್ಲಿಯೇ ಉಳಿಯಿತು.

ಜುಲೈ ಕೊನೆಯಲ್ಲಿ ಎಂಜಿನ್ನು ಎದ್ದಿತು. ಬಿಗಿದುಹೋಗಿದ್ದ ಪಿಸ್ಟನ್ನುಗಳನ್ನು ಎಣ್ಣೆ ಕುಡಿಸಿ ವಾರಗಟ್ಟಲೆ ಕಾದು ಸಡಿಲಿಸಿದ್ದೆವು. ಕಾರ್ಬ್ಯುರೇಟರನ್ನು ನಾನು ಐರೋಲಿಯ ಮನೆಗೆ ಒಯ್ದು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿ ಬೈಸಿಕೊಂಡಿದ್ದೆ. ಹೊರಗಿನ ಬ್ಯಾಟರಿ ಹಚ್ಚಿ ಬಸವರಾಜ ಕೀಲಿ ತಿರುಗಿಸಿದ. ಮೊದಲು ಕೆಮ್ಮು, ಹೊಗೆ, ಮತ್ತೆ ಮೌನ. ಮತ್ತೊಮ್ಮೆ. ಆಮೇಲೆ ಆರೂ ಸಿಲಿಂಡರುಗಳು ಒಂದರ ಹಿಂದೊಂದು ಹಿಡಿದುಕೊಂಡು ಮಳೆಯ ಸದ್ದನ್ನು ಹಿಂದೆ ಹಾಕಿ ದನಿ ತೆಗೆದವು. ಅಕ್ಕಪಕ್ಕದ ಗಾಳಾಗಳಿಂದ ಜನ ಬಂದು ಬಾಗಿಲಲ್ಲಿ ನಿಂತರು. ಟೀಚರು ಕಣ್ಣು ಮುಚ್ಚಿಕೊಂಡಿದ್ದರು. ಬಲಗಾಲಿನ ಚಪ್ಪಲಿ ಕಳಚಿತ್ತು. ಬೆರಳುಗಳು ನೆಲವನ್ನು ಒತ್ತುತ್ತಿದ್ದವು, ಬಿಡುತ್ತಿದ್ದವು.

ನಿಲ್ಲಿಸಿದ ಮೇಲೆ ಅವರೆಂದರು, "ಭಂಗಾರಿಗೆ ಬೇಡ. ಇದನ್ನು ಎಬ್ಬಿಸುವ."

ಅಂದಿನಿಂದ ಕೆಲಸದ ರೀತಿಯೇ ಬದಲಾಯಿತು. ಬಸವರಾಜ ಎಡಗಡೆಯ ತಗಡನ್ನು ಅಂಗುಲ ಅಂಗುಲವಾಗಿ ಹೊರಕ್ಕೆ ತರತೊಡಗಿದ. ಬಲಗಡೆಯ ಬಾಗಿಲಿಗೆ ಕಾಗದ ಹಚ್ಚಿ ಆಕಾರ ತೆಗೆದು, ಅದನ್ನು ತಿರುಗಿಸಿ ಎಡಕ್ಕೆ ಹಿಡಿದು ನೋಡುತ್ತಿದ್ದ. ಸೀಟುಗಳನ್ನು ವಿಠ್ಠಲವಾಡಿ ಸ್ಟೇಷನ್ ಹತ್ತಿರದ ಹೊಲಿಗೆಯವನಿಗೆ ಕೊಟ್ಟೆವು. ಎಡಗಡೆಯ ಸೀಟನ್ನು ಕಳಿಸುವ ಮುನ್ನ ಟೀಚರು ಅದನ್ನು ಒದ್ದೆ ಬಟ್ಟೆಯಿಂದ ತಾವೇ ಒರೆಸಿದರು. ನಾನು ಆ ಕಡೆ ನೋಡಲಿಲ್ಲ.

ಆಗಸ್ಟಿನ ಒಂದು ಭಾನುವಾರ, ಟೀಚರು ಬಾರದ ದಿನ, ಮಡಚಿದ ಎಡಚಕ್ರವನ್ನು ಬಿಚ್ಚಿದೆವು.

ಆ ಜಾತಿಯ ಕಾರಿನಲ್ಲಿ ಮುಂದಿನ ಚಕ್ರವನ್ನು ಹಿಡಿದಿರುವುದು ಒಂದು ಉಕ್ಕಿನ ಕಂಬ. ಅದರ ಕೆಳತುದಿಯಲ್ಲಿ ಸ್ಕ್ರೂವಿನಂಥ ಥ್ರೆಡ್ಡು ಕೊರೆದು ಹಿತ್ತಾಳೆಯ ಗೂಡಿನೊಳಗೆ ಕೂರಿಸಿರುತ್ತಾರೆ. ಸ್ಟೀರಿಂಗ್ ತಿರುಗಿದಾಗಲೆಲ್ಲ ಉಕ್ಕು ಆ ಗೂಡಿನಲ್ಲಿ ತಿರುಗಬೇಕು. ಅದು ಸಲೀಸಾಗಿ ತಿರುಗಲು ಅಲ್ಲಿ ಗೇರ್ ಎಣ್ಣೆ ಇರಬೇಕು. ಗ್ರೀಸ್ ತುಂಬಿದರೆ ಕ್ರಮೇಣ ಗಟ್ಟಿಯಾಗಿ ಥ್ರೆಡ್ಡಿನ ಸಂದಿಗಳಿಗೆ ಇಳಿಯುವುದಿಲ್ಲ. ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ, ಕೀಲು ಬಿಗಿಯುತ್ತದೆ, ಪ್ರತಿ ತಿರುವಿಗೂ ಉಕ್ಕು ಸ್ವಲ್ಪ ಸ್ವಲ್ಪವೇ ಸೀಳುತ್ತದೆ.

ಕಂಬ ಅಲ್ಲೇ ಮುರಿದಿತ್ತು. ಮೇಲಿನ ಭಾಗ ಪೂರ್ತಿ ತುಕ್ಕು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಆದರೆ ಕೆಳಗಿನ ತುಂಡು ಗೂಡಿನೊಳಗೇ ಉಳಿದಿತ್ತು, ಕಪ್ಪು ಮೇಣದಂತಾಗಿದ್ದ ಗ್ರೀಸಿನಲ್ಲಿ ಹುದುಗಿಕೊಂಡು. ಅದನ್ನು ಹೊರತೆಗೆದು ಸೀಮೆಎಣ್ಣೆಯಲ್ಲಿ ತೊಳೆದೆ. ಮುರಿದ ಮುಖ ನಿನ್ನೆಯದೋ ಎಂಬಂತೆ ಉಳಿದಿತ್ತು. ಒಂದು ಅಂಚಿನಿಂದ ಹೊರಟು ಒಳಕ್ಕೆ ಸರಿದ ಗೆರೆಗಳು, ಉಬ್ಬರ ಇಳಿದ ಮೇಲೆ ಮರಳಿನ ಮೇಲೆ ಉಳಿಯುವಂಥವು. ಬಹುಪಾಲು ಹಾಗೇ ಸೀಳಿತ್ತು. ಕೊನೆಯಲ್ಲಿ ಹುಣಿಸೆಬೀಜದಷ್ಟು ಜಾಗ ಮಾತ್ರ ಒಂದೇ ಬಾರಿಗೆ ಹರಿದದ್ದು.

ದಿನವೂ ಇಂಥದ್ದನ್ನೇ ನೋಡುವವನು ನಾನು. ಅವತ್ತು ಮಾತ್ರ ತುಂಡನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ತಿರುಗಿಸಿದೆ. ಕಟ್ಟೆಗೆ ಬಡಿದ ಏಟಿಗೆ ಈ ಕಂಬ ಮುರಿದದ್ದಲ್ಲ. ಕಂಬ ಮುರಿದದ್ದರಿಂದ ಕಾರು ಕಟ್ಟೆಗೆ ಬಡಿದದ್ದು. ಸ್ಟೀರಿಂಗ್ ಹಿಡಿದವರು ಯಾರೇ ಆಗಿದ್ದರೂ ಆ ಕ್ಷಣಕ್ಕೆ ಮಾಡಬಹುದಾದದ್ದು ಏನೂ ಇರಲಿಲ್ಲ.

ಬಸವರಾಜನಿಗೆ ವಿವರಿಸಿದೆ. ಅವನು ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತ. "ಅಯ್ಯ, ಇಷ್ಟು ವರ್ಷ ಸುಮ್ಮಸುಮ್ನ ಬೈಸ್ಕೊಂಡ್ರಲ್ರೀ ಅಕ್ಕೋರು. ಇವತ್ತ ಹೋಗಿ ಹೇಳ್ರಿ ಸರ."

"ಗ್ರೀಸು ತುಂಬಿದವರು ಯಾರು, ಬಸವರಾಜ?"

ಅವನು ತಲೆಯೆತ್ತಿ ನೋಡಿದ. ಗಾಡಿಗೆ ಬೇರೆ ಯಾರ ಕೈಯನ್ನೂ ಭಾಸ್ಕರ ತಾಗಿಸುತ್ತಿರಲಿಲ್ಲ ಎಂದು ಟೀಚರೇ ನಮ್ಮಿಬ್ಬರ ಎದುರು ಹೇಳಿದ್ದರು. ಅವರನ್ನು ಬಿಡಿಸುವ ಸಾಕ್ಷಿ ಭಾಸ್ಕರನನ್ನು ಹಿಡಿದುಕೊಡುತ್ತಿತ್ತು.

ವಾರವೆಲ್ಲ ಯೋಚಿಸಿ, ಕೊನೆಗೆ ಆ ತುಂಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಡೊಂಬಿವಿಲಿಗೆ ಹೋದೆ. ಸ್ಟೇಷನ್ನಿನ ಪೂರ್ವಕ್ಕೆ, ಹಳೆಯ ಕಟ್ಟಡದ ಎರಡನೇ ಮಹಡಿ. ಗೋಡೆಯ ಮೇಲೆ ಭಾಸ್ಕರನ ಫೋಟೋ. ನಗುಮುಖ, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರು. ಟೀಚರು ನೀರ್‌ದೋಸೆ ಹಾಕಿ ಕೊಟ್ಟರು. ನಾನು ತಿನ್ನಲಾರದೆ ಕೂತಿದ್ದು ನೋಡಿ, ಎದುರು ಬಂದು ಕೂತರು.

"ಚಕ್ರ ಬಿಚ್ಚಿದ್ರಾ?"

ಹೌದೆಂದೆ.

"ಎಂತ ಸಿಕ್ಕಿತು ಅಂತ ನನಗೆ ಗೊತ್ತುಂಟು. ತೋರಿಸುದು ಬೇಡ."

ನಾನು ಬಟ್ಟೆಯ ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ. ಅವರು ಕಿಟಕಿಯ ಕಡೆ ನೋಡುತ್ತ, ಪಾಠ ಹೇಳುವ ದನಿಯಲ್ಲಿ ಹೇಳಿದರು.

"ತಿರುವು ಇನ್ನೂ ಬಂದಿರ್ಲಿಲ್ಲ. ಟಕ್ ಅಂತ ಸದ್ದಾಯ್ತು. ಸ್ಟೀರಿಂಗ್ ಕೈಯಲ್ಲಿ ಹಗುರ ಆಯ್ತು, ಏನೂ ಇಲ್ಲದ ಹಾಗೆ. ನಾನು ಅವರನ್ನು ನೋಡಿದೆ. ಅವರು ನನ್ನನ್ನು ನೋಡಿದ್ರು. ಅವರಿಗೂ ತಿಳಿಯಿತು. ಸಾಹೇಬ ಹೋಗುವಾಗ ಹೇಳಿದ್ದ, ಅಲ್ಲಿಗೆ ಎಣ್ಣೆ ಬಿಡ್ಬೇಕು ಅಂತ. ಈ ಊರಿನ ಮಳೆಗೆ ಎಣ್ಣೆ ತೊಳೆದು ಹೋಗ್ತದೆ, ಗ್ರೀಸೇ ಒಳ್ಳೆದು ಅಂತ ಇವರು. ಒಳ್ಳೆದಕ್ಕೇ ಮಾಡಿದ್ದು. ಎಷ್ಟು ಜಾಗ್ರತೆಯ ಮನುಷ್ಯ ಗೊತ್ತುಂಟಾ ನಿಮಗೆ?"

"ಇದನ್ನು ಯಾರಿಗೂ ಹೇಳಲಿಲ್ಲವಾ, ಟೀಚರ್?"

"ಯಾರಿಗೆ ಹೇಳುದು? ಅತ್ತೆಗೆ ಒಬ್ಬನೇ ಮಗ. ನನ್ನ ಭಾಸ್ಕರ ಮುಟ್ಟಿದ ಯಂತ್ರ ಕೆಡುದಿಲ್ಲ ಅಂತ ನೆರೆಕರೆಯವರ ಹತ್ರ ಹೇಳಿಕೊಂಡೇ ಬದುಕಿದವರು. ಅವನ ಕೈಯಿಂದಲೇ ಹೀಗಾಯ್ತು ಅಂತ ಹೇಳಿದ್ರೆ ಅವರಿಗೆ ಎಂತ ಉಳೀತಿತ್ತು? ನನ್ನ ಮೇಲೆ ಸಿಟ್ಟು ಮಾಡಿಯಾದ್ರೂ ಉಸಿರಾಡ್ಲಿ ಅಂತ ಬಿಟ್ಟೆ. ಸಿಟ್ಟು ಇದ್ದವರು ಬದುಕ್ತಾರೆ."

ಅತ್ತೆ ತೀರಿಕೊಂಡ ಮೇಲೆ ಮಗನಿಗಾದರೂ ಹೇಳಬಹುದಿತ್ತಲ್ಲ ಎಂದೆ. ಮಗ ಪ್ರಶಾಂತ ಘೋಡಬಂದರ್ ರಸ್ತೆಯ ಒಂದು ಕಾಂಪ್ಲೆಕ್ಸಿನಲ್ಲಿದ್ದ. ದೊಡ್ಡ ಬ್ಯಾಂಕಿನ ಕೆಲಸ. ತಾಯಿಯನ್ನು ಹಬ್ಬಕ್ಕೆ ಕರೆಯುತ್ತಿದ್ದ, ಕಾಯಿಲೆಯೆಂದರೆ ಓಡಿ ಬರುತ್ತಿದ್ದ, ಆದರೆ ಅವರೆದುರು ಹೆಚ್ಚು ಹೊತ್ತು ಕೂರುತ್ತಿರಲಿಲ್ಲ.

ಟೀಚರು ಗೋಡೆಯ ಕಡೆ ತಿರುಗಿದರು. "ಅವನಿಗೆ ಅಪ್ಪ ಅಂದ್ರೆ ಅದೊಂದು ಫೋಟೋ. ಅದಕ್ಕೆ ಮಸಿ ಯಾಕೆ ಹಚ್ಚುದು? ಬೇಡ. ನೀವೂ ಹೇಳ್ಬೇಡಿ."

ಹೇಳುವುದಿಲ್ಲ ಎಂದೆ. ತುಂಡನ್ನು ಮರಳಿ ತಂದು ಶೆಡ್ಡಿನ ಕಪಾಟಿನಲ್ಲಿಟ್ಟೆ. ಹೊಸ ಕಂಬ, ಹೊಸ ಹಿತ್ತಾಳೆಗೂಡುಗಳಿಗೆ ಇಂಗ್ಲೆಂಡಿಗೆ ಬರೆದೆವು. ಅಲ್ಲಿ ಇಂಥ ಕಾರುಗಳನ್ನು ಸಾಕಿಕೊಂಡವರು ಇನ್ನೂ ಇದ್ದಾರೆ. ಬಿಡಿಭಾಗ ತಯಾರಿಸುವವರೂ ಇದ್ದಾರೆ.

ಗಣಪತಿ ಹಬ್ಬದ ಆಸುಪಾಸಿನಲ್ಲಿ ಪ್ರಶಾಂತ ಬಂದ. ಡೊಂಬಿವಿಲಿಯಲ್ಲಿ ಯಾರೋ ಅವನಿಗೆ ಸುದ್ದಿ ಹೇಳಿದ್ದರಂತೆ. ಟೀಚರು ಹಳೆಯ ಸೀರೆಯ ತುಂಡಿನಿಂದ ದೀಪದ ಸುತ್ತಿನ ಬಳೆಯನ್ನು ಉಜ್ಜುತ್ತಿದ್ದರು. ಅವನು ನೆನೆದ ಬೂಟಿನಲ್ಲಿ ಒಳಗೆ ಬಂದು, ಅರ್ಧ ಎದ್ದ ಕಾರನ್ನು ನೋಡಿ ಅಲ್ಲೇ ನಿಂತ. ನಲವತ್ತು ದಾಟಿದವನು, ಫೋಟೋದಲ್ಲಿ ಕಂಡ ಮುಖವೇ, ನಗುವೊಂದಿಲ್ಲ.

"ಯೆ ಕ್ಯಾ ಚಲ್ ರಹಾ ಹೈ, ಅಮ್ಮ?" ದನಿ ಏರಿಸಲಿಲ್ಲ ಅವನು. "ಪಪ್ಪ ಇದರಲ್ಲೇ ಹೋದ್ರು. ಇದನ್ನ ನೀನು ಪಾಲಿಶ್ ಮಾಡ್ತಾ ಕೂತಿದ್ದೀಯ?"

"ಕೂತುಕೋ ಮಗಾ."

"ನಹೀ. ಅಜ್ಜಿ ಇದ್ದಿದ್ರೆ ಏನು ಹೇಳ್ತಿದ್ಲು? ನಿನಗೆ ಗೊತ್ತಾ, ನಾನು ಇವತ್ತಿನವರೆಗೂ ಘಾಟ್‌ನಲ್ಲಿ ಗಾಡಿ ಓಡಿಸಿಲ್ಲ. ಆಫೀಸಿಗೆ ಹೋಗ್ತೀನಿ, ಮಾಲ್‌ಗೆ ಹೋಗ್ತೀನಿ, ಅಷ್ಟೇ. ಫ್ಯಾಮಿಲಿ ಜೊತೆ ಲೋನಾವಳಾ ಅಂದ್ರೂ ಟ್ರೇನ್. ಹೆಂಡತಿ ನಗ್ತಾಳೆ, ನಗ್ಲಿ. ಅಜ್ಜಿ ಹೇಳಿದ್ಲು, ನಿನ್ನ ಕೈ ನಿನ್ನ ಅಮ್ಮನ ಕೈ, ಘಾಟ್‌ನಲ್ಲಿ ಸ್ಟೀರಿಂಗ್ ಮುಟ್ಟಬೇಡ ಅಂತ. ಬಚ್‌ಪನ್‌ನಿಂದ ಅದೇ ಕೇಳಿ ಬೆಳೆದೆ."

ಟೀಚರ ಕೈಯ ಬಟ್ಟೆ ನಿಂತಿತು. "ನಿನಗೆ ಹಾಗೆ ಹೇಳಿದ್ರಾ?"

"ಎಷ್ಟು ಸಲ!"

"ಅಕ್ಕೋರ ತಪ್ಪಲ್ರೀ ಅದು!" ಬಸವರಾಜ ತಡೆಯಲಾರದೆ ಅಂದ. ಅಂದವನು ಟೀಚರ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ಪ್ರಶಾಂತ ನನ್ನ ಕಡೆ ತಿರುಗಿದ. ನಾನು ಮಾತು ಕೊಟ್ಟವನು; ಟೀಚರ ಕಡೆ ನೋಡಿದೆ.

ಮಳೆ ಜೋರಾಗಿತ್ತು. ಅವರು ಆ ಬಟ್ಟೆಯನ್ನು ನಿಧಾನವಾಗಿ ಮಡಚಿದರು, ತೊಡೆಯ ಮೇಲಿಟ್ಟರು. ಅಷ್ಟು ವರ್ಷ ತಾವೊಬ್ಬರೇ ಹೊತ್ತದ್ದೆಂದು ತಿಳಿದಿದ್ದ ಭಾರ ಮಗನ ಮೇಲೂ ಬಿದ್ದಿತ್ತೆಂಬುದು ಅವರಿಗೆ ಆಗಷ್ಟೇ ತಿಳಿಯುತ್ತಿತ್ತು.

"ತೋರಿಸಿ ಅವನಿಗೆ," ಎಂದರು.

ನಾನು ಕಪಾಟಿನಿಂದ ಆ ತುಂಡನ್ನು ತಂದು ಅವನ ಅಂಗೈಯಲ್ಲಿಟ್ಟೆ. ಗೆರೆಗಳನ್ನು ತೋರಿಸಿದೆ. ಎಲ್ಲಿಂದ ಸೀಳು ಹೊರಟಿತು, ಎಷ್ಟು ಕಾಲ ನಡೆಯಿತು, ಕೊನೆಗೆ ಉಳಿದದ್ದೆಷ್ಟು, ಎಲ್ಲ ಹೇಳಿದೆ. ಬ್ಯಾಂಕಿನವನಾದರೂ ಅವನು ಎಂಜಿನಿಯರಿಂಗ್ ಓದಿದ್ದವನು, ಬೇಗ ತಿಳಿದುಕೊಂಡ. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ.

"ಅಂದರೆ ಪಪ್ಪಾನ ಗಲ್ತಿ?"

"ತಪ್ಪು ಅನ್ಬೇಡ," ಎಂದರು ಟೀಚರು. "ಗಾಡಿಗೆ ಒಳ್ಳೆದಾಗ್ಲಿ ಅಂತಲೇ ಮಾಡಿದ್ದು ಮಗಾ. ಸಾವಿರ ಜನ ಹಾಗೇ ಮಾಡ್ತಿದ್ರು."

"ನೀನು ಅಜ್ಜಿಗೆ ಹೇಳಲಿಲ್ಲ. ಸಮಝ್ತಾ ಹೂಂ. ಆದರೆ ನನಗೆ? ಕ್ಯೂಂ ನಹೀ ಬತಾಯಾ, ಯಾಕೆ ಹೇಳಲಿಲ್ಲ, ಅಮ್ಮ?"

ಅವರು ತೊಡೆಯ ಮೇಲಿನ ಬಟ್ಟೆಯನ್ನು ಮತ್ತೆ ಬಿಡಿಸಿದರು. "ನಿನಗೆ ಒಂದಾದ್ರೂ ಅಪ್ಪ ಇರ್ಲಿ ಅಂತ," ಎಂದರು. ಮಾತು ಸರಿಯಾಗಿ ಬರಲಿಲ್ಲವೆಂದು ಅವರಿಗೇ ಅನ್ನಿಸಿರಬೇಕು, ತಲೆ ತಗ್ಗಿಸಿದರು. ಪ್ರಶಾಂತ ತುಂಡನ್ನು ನನ್ನ ಕೈಗೆ ಮರಳಿಸಿ, ಕೊಡೆಯನ್ನೂ ಬಿಚ್ಚದೆ ಮಳೆಯಲ್ಲಿ ಹೊರಟುಹೋದ. ಟೀಚರು ಅವತ್ತು ಎಂದಿನಂತೆ ಸಂಜೆಯವರೆಗೂ ಕೂತಿದ್ದರು. ದೀಪದ ಬಳೆ ಫಳಫಳ ಹೊಳೆಯತೊಡಗಿದ ಮೇಲೂ ಉಜ್ಜುವುದನ್ನು ಬಿಡಲಿಲ್ಲ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಪ್ರಶಾಂತ ಬಂದಿದ್ದ. ಹಳೆಯ ಟೀ ಶರ್ಟು, ಬರ್ಮುಡಾ. ಬಸವರಾಜನ ಜೊತೆ ನೆಲದ ಮೇಲೆ ಕೂತು ಬಾಗಿಲಿಗೆ ಮರಳುಕಾಗದ ಉಜ್ಜುತ್ತಿದ್ದ. ತಾಯಿ ಮಗ ಹೆಚ್ಚೇನೂ ಮಾತಾಡಲಿಲ್ಲ. ಮಧ್ಯಾಹ್ನ ಅವನು ಡಬ್ಬಿ ಬಿಚ್ಚಿ, ಅರ್ಧ ರೊಟ್ಟಿಯನ್ನು ಕೇಳದೆಯೇ ಅವರ ತಟ್ಟೆಗೆ ಹಾಕಿದ. ಆಮೇಲೆ ಅವನು ಒಂದು ವಾರವೂ ತಪ್ಪಿಸಲಿಲ್ಲ. ಬಿಡಿಭಾಗಗಳನ್ನು ಕಸ್ಟಮ್ಸಿನಿಂದ ಬಿಡಿಸಿ ತಂದವನು ಅವನೇ. ಹೊಸ ಗೂಡುಗಳಿಗೆ ಎಣ್ಣೆ ತುಂಬುವಾಗ ನನ್ನ ಕೈಯಿಂದ ಪಂಪು ತೆಗೆದುಕೊಂಡು, ಅಂಚಿನಿಂದ ಉಕ್ಕಿ ಬೆರಳಿನ ಮೇಲೆ ಹರಿಯುವವರೆಗೂ ಒತ್ತಿದ. ಆರ್‌ಟಿಒ ಅಲೆದಾಟವನ್ನೂ ಅವನೇ ಮುಗಿಸಿದ. ತಾಯಿಯನ್ನು ಅವನು ಒಮ್ಮೆ ಕೇಳಿದ್ದನ್ನು ಮಾತ್ರ ನಾನು ಕಿವಿಯಾರೆ ಕೇಳಿದೆ: "ಪಪ್ಪ ರ‍್ಯಾಲಿಯಲ್ಲಿ ಬೈತಿದ್ರಾ ನಿನಗೆ?" ಅವರು, "ಬೈಯದೆ? ಚೆನ್ನಾಗಿ ಬೈತಿದ್ರು," ಎಂದರು. ಅವನು ನಕ್ಕದ್ದು ಅಂದೇ ಮೊದಲು ನೋಡಿದ್ದು.

ದೀಪಾವಳಿಗೆ ಕೆಲವು ದಿನವಿರುವಾಗ, ಮಳೆ ಪೂರ್ತಿ ಬಿಟ್ಟು ಬೆಟ್ಟಗಳು ಇನ್ನೂ ಹಸಿರಾಗಿದ್ದ ಒಂದು ಬೆಳಿಗ್ಗೆ, ಕಾರನ್ನು ಹೊರಕ್ಕೆ ತಂದೆವು. ಬಸವರಾಜ ಹಚ್ಚಿದ ಕಡುಹಸಿರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಪ್ರಶಾಂತ ಕೀಲಿಯನ್ನು ತಾಯಿಗೆ ಚಾಚಿದ. ಅವರು ತೆಗೆದುಕೊಳ್ಳಲಿಲ್ಲ. ತಮ್ಮ ಕಣ್ಣು, ಮುಗಿದುಹೋದ ಲೈಸನ್ಸು ಎಂದೆಲ್ಲ ನೆಪ ಹೇಳದೆ, ಕಾರನ್ನು ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದು ಕೂತರು.

"ನೀನು ಬಿಡು," ಎಂದರು. "ಮಾಳಶೇಜಿಗೆ."

ಅವನ ಮುಖದ ಬಣ್ಣ ಹೋಯಿತು. ಆದರೂ ಬಲಗಡೆ ಹೋಗಿ ಕೂತ. ಹಿಂದೆ ಹಲಗೆಯಂಥ ಒಂದು ಸೀಟಿದೆ. ದೊಡ್ಡವರು ಅಡ್ಡ ತಿರುಗಿ ಕೂರಬೇಕು. ಗಾಡಿ ದಾರಿಯಲ್ಲಿ ಕೈಕೊಟ್ಟರೆ ಇರಲೆಂದು ನನ್ನನ್ನು ಅಲ್ಲಿ ತುರುಕಿದರು. ಬಸವರಾಜ ನನ್ನ ಕಾರಿನಲ್ಲಿ ಹಿಂದೆ ಬಂದ.

ಕಲ್ಯಾಣ ದಾಟುವವರೆಗೂ ಟ್ರಾಫಿಕ್ಕು. ಮುರಬಾಡ ಕಳೆದ ಮೇಲೆ ರಸ್ತೆ ತೆರೆದುಕೊಂಡಿತು; ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ಘಟ್ಟ ಹತ್ತುವಾಗ ಪ್ರಶಾಂತ ಎರಡನೇ ಗೇರು ಬಿಡಲಿಲ್ಲ. ಅವನ ಕುತ್ತಿಗೆಯಲ್ಲಿ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಟೀಚರು ಒಂದೂ ಮಾತಾಡಲಿಲ್ಲ. ಮೇಲೆ ಹೋಗಿ ಚಹಾ ಕುಡಿದೆವು. ಅಂಗಡಿಯವನು ಕಾರನ್ನು ಸುತ್ತಿ ಸುತ್ತಿ ನೋಡಿ ಫೋಟೋ ತೆಗೆಸಿಕೊಂಡ.

ಇಳಿಯಲು ಶುರುಮಾಡಿದಾಗ ಟೀಚರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿದರು. "ಎಡಕ್ಕೆ, ಮೆಲ್ಲ," ಎಂದರು. ಪ್ರಶಾಂತ ಒಂದು ಕ್ಷಣ ಅವರ ಕಡೆ ನೋಡಿದ. "ರಸ್ತೆ ನೋಡು. ಎಡಕ್ಕೆ ಮೆಲ್ಲ, ಆಮೇಲೆ ನೇರ. ಬ್ರೇಕು ಈಗ್ಲೇ, ತಿರುವಿನಲ್ಲಿ ಅಲ್ಲ." ಅವನು ಹಾಗೇ ಮಾಡಿದ. "ಬಲಕ್ಕೆ. ಉದ್ದ ಉಂಟು, ಬಿಗಿ ಆಗ್ತಾ ಹೋಗ್ತದೆ. ಹಿಡಿ. ಹಿಡಿ. ಈಗ ಬಿಡು." ರಸ್ತೆಯನ್ನು ಎಷ್ಟೋ ಅಗಲ ಮಾಡಿದ್ದಾರೆ, ತಿರುವುಗಳು ಮಾತ್ರ ಬೆಟ್ಟದವು, ಎಲ್ಲಿದ್ದವೋ ಅಲ್ಲೇ ಇವೆ. ಒಂದೊಂದನ್ನೂ ಕಣ್ಣಿಗೆ ಕಾಣುವ ಮೊದಲೇ ಅವರು ಹೇಳುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಪ್ರಶಾಂತನ ಭುಜ ಸಡಿಲಾಯಿತು. ಕಾರು ಒಂದು ತಿರುವಿನಿಂದ ಇನ್ನೊಂದಕ್ಕೆ ತಡವರಿಸದೆ ಇಳಿಯತೊಡಗಿತು.

ಒಂದು ಕಡೆ ಅವರ ದನಿ ನಿಂತಿತು. ಮುಂದೆ ರಸ್ತೆ ಬಲಕ್ಕೆ ಬಾಗುವ ಮೊದಲಿನ ಒಂದು ನೇರ ತುಂಡು. ಪಕ್ಕದಲ್ಲಿ ತಗ್ಗಾದ ಕಲ್ಲುಕಟ್ಟೆ, ಅದರಾಚೆ ಬಯಲು ಆಕಾಶ. ಇಂಥ ಜಾಗಗಳು ಆ ಘಟ್ಟದಲ್ಲಿ ಎಷ್ಟೋ ಇವೆ. ಆದರೆ ಟೀಚರ ಎಡಗೈ ಬಾಗಿಲಿನ ಹಿಡಿಯನ್ನು ಹಿಡಿದಿತ್ತು, ಬಲಗೈ ಮಗನ ತೋಳಿನ ಮೇಲಿತ್ತು.

ಪ್ರಶಾಂತನಿಗೂ ಅರ್ಥವಾಯಿತು. ವೇಗ ಇಳಿಸಿದ. "ನಿಲ್ಲಿಸಲಾ, ಅಮ್ಮ?"

ಅವರು ಆ ಕಟ್ಟೆಯನ್ನು ನೋಡಿದರು. ಅದು ಹತ್ತಿರ ಬಂದು ಪಕ್ಕದಲ್ಲಿ ಸರಿದು ಹಿಂದಾಗುವವರೆಗೂ ನೋಡಿದರು. ಆಮೇಲೆ ಮಗನ ತೋಳಿನಿಂದ ಕೈ ತೆಗೆದು, ಮುಖವನ್ನು ರಸ್ತೆಗೆ ತಿರುಗಿಸಿದರು.

"ಬೇಡ. ಮುಂದೆ ಬಲಕ್ಕೆ, ಅಗಲ ತಿರುವು. ಮೂರನೇ ಗೇರಿಗೆ ಬಾ."